ಅವ್ವನ ಸೀರೆ ಒಯ್ದು ಕವಂದಿ ಹೊಲಿದೆ

ಧಾರವಾಡದಲ್ಲಿ ಎರಡು ದಿನದ ಕವಂದಿ ಹೊಲಿಗೆ ಕಮ್ಮಟ, ಶುಲ್ಕ 800 ರೂಪಾಯಿ. ಮನೆಯ ಹಳೇ ಬಟ್ಟೆ ತನ್ನಿ, ಅದರ ಕಥೆಯನ್ನೂ ತನ್ನಿ ಅಂದಿದ್ದರು. ನಾನು ತೀರಿಹೋದ ಅವ್ವನ ಇಳಕಲ್ ಸೀರೆ ಒಯ್ದೆ.

ಕಲಿಸಿದವರು ಹಳಿಯಾಳ ಕಡೆಯ ಸಿದ್ದಿ ಹೆಂಗಸರು. ಆಫ್ರಿಕಾ ಮೂಲದ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡದಲ್ಲಿ ತಲೆಮಾರುಗಳಿಂದ ಇದ್ದಾರೆ. ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಅವರ ಕೌದಿಯೇ ಕವಂದಿ. ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರಬೇಕು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫುಲ' ಇಡದಿದ್ದರೆ ಕವಂದಿ ಬೆತ್ತಲೆ ಇದ್ದ ಹಾಗಂತೆ!

ಸೆರಗಿಗೆ ಕತ್ತರಿ ಹಾಕಲು ನನಗೆ ಕೈ ಬರಲಿಲ್ಲ. ಪಕ್ಕದ ಅಜ್ಜಿ, "ಹರಿಯವ್ವಾ, ಪೆಟ್ಟಿಗ್ಯಾಗ ಇಟ್ರ ಹುಳ ತಿಂತಾವ" ಅಂದರು. ಪರ್ ಅಂತ ಹರಿದೆ. ತೊಡೆಯ ಮೇಲೆ ಹರವಿಕೊಂಡು ಹೊಲಿಯುವಾಗ ಅಳು ಬಂತು. ಯಾರೂ ಸುಮ್ನೆ ಸಮಾಧಾನ ಹೇಳಲಿಲ್ಲ. ಅಜ್ಜಿ ಸೂಜಿಗೆ ದಾರ ಪೋಣಿಸಿ ಕೈಗಿಟ್ಟರು, ಅಷ್ಟೇ. ನನಗೆ ಅದೇ ಜಾಸ್ತಿ ಆಯ್ತು.

ಬೇಸರವೂ ಇದೆ. ನಮ್ಮ ಕಥೆಗಳನ್ನು ಸಂಗ್ರಹಕ್ಕೆ ಅಂತ ರೆಕಾರ್ಡ್ ಮಾಡಿಕೊಂಡರು. ಅದು ಎಲ್ಲಿರುತ್ತೆ, ಯಾರು ಕೇಳ್ತಾರೆ ಅಂದರೆ ಸಂಘಟಕರಲ್ಲಿ ಸರಿಯಾದ ಉತ್ತರ ಇಲ್ಲ. ಸರ್ಟಿಫಿಕೇಟಿನಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿ, ಕಲಿಸಿದವರ ಹೆಸರೇ ನಾಪತ್ತೆ. ಹೀಗೆ ಮಾಡಬಾರದು, ಅಲ್ವಾ?

ಎರಡು ದಿನ ಸಾಲಲ್ಲ. ತೊಟ್ಟಿಲ ಕೌದಿಯಷ್ಟು ಕೂಡ ಮುಗಿಯುವುದಿಲ್ಲ. ಊಟಕ್ಕೆ ರೊಟ್ಟಿ, ಪುಂಡಿಪಲ್ಯ ಚೆನ್ನಾಗಿತ್ತು. ಮತ್ತೆ ಕರೆದರೆ ಹೋಗುತ್ತೇನೆ, ಆದರೆ ರೆಕಾರ್ಡಿಂಗ್ ಬಗ್ಗೆ ಬರಹದಲ್ಲಿ ಕೇಳಿಯೇ. ನನ್ನ ಕವಂದಿಯ ನಡುವೆ ಇನ್ನೂ ಗೇಣಗಲ ಬಾಕಿ ಇದೆ.