ಬಂಪರಿನ ಮೇಲಿನ ಬಣ್ಣ ತೆಗೆಯಲು ಹೋಗಿ ಬಂಪರನ್ನೇ ಕೆಡಿಸಿಕೊಂಡೆ

ಹಳೆಯ ಕಾರಿನ ಕ್ರೋಮ್ ಬಂಪರಿನ ಮೇಲೋ ಬಾಗಿಲ ಹಿಡಿಯ ಮೇಲೋ ಬಣ್ಣ ಹಾರಿ ಕೂತಿದ್ದರೆ, ಬಚ್ಚಲುಮನೆ ತೊಳೆಯುವ ಆಸಿಡ್ ಬಾಟಲಿಗೆ ದಯವಿಟ್ಟು ಕೈ ಹಾಕಬೇಡಿ. ತಂತಿ ಬ್ರಷ್, ಪಾತ್ರೆ ತಿಕ್ಕುವ ಹಸಿರು ನಾರು, ಉಪ್ಪು ಕಾಗದ ಕೂಡ ಬೇಡ. ಅವಸರವಿದ್ದವರು ಇಷ್ಟು ಓದಿ ಎದ್ದು ಹೋಗಬಹುದು. ಪುರುಸೊತ್ತಿದ್ದವರಿಗೆ ನನ್ನ ಪೆದ್ದುತನದ ವಿವರ ಮುಂದಿದೆ.

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಮನೆಯವರೆಲ್ಲ ಈಗಲೂ ಅದನ್ನು ಫಿಯೆಟ್ ಎಂದೇ ಕರೆಯುತ್ತಾರೆ. ಇಟಲಿಯ ಫಿಯೆಟ್ 1100 ಕಾರೇ ಮುಂಬೈಯಲ್ಲಿ ತಯಾರಾಗಿ ಕೊನೆಗೆ ಪದ್ಮಿನಿ ಎಂಬ ಹೆಸರು ಹೊತ್ತದ್ದರಿಂದ ಅದರಲ್ಲಿ ತಪ್ಪೂ ಇಲ್ಲ. ಅಪ್ಪ ಇದ್ದಷ್ಟು ದಿನ ಭಾನುವಾರ ಬೆಳಿಗ್ಗೆ ಹಳೆಯ ಪಂಚೆಯ ತುಂಡು ಹಿಡಿದು ಬಂಪರ್ ಒರೆಸುತ್ತಿದ್ದರು. ಅದನ್ನು ಅವರು ಕ್ರೋಮ್ ಎಂದದ್ದೇ ಇಲ್ಲ. "ನಿಕ್ಕಲ್ ಮೇಲೆ ಬೆರಳು ಇಡಬೇಡ" ಎಂದು ನಮ್ಮನ್ನು ಗದರಿಸುತ್ತಿದ್ದರು. ಈ ನಿಕ್ಕಲ್ಲಿನ ಮಾತಿಗೆ ಮತ್ತೆ ಬರುತ್ತೇನೆ.

ನೋಂದಣಿ ನವೀಕರಣದ ಅವಧಿ ಹತ್ತಿರ ಬಂದಿತ್ತು. ಆರ್‌ಟಿಒ ಮುಂದೆ ಕಾರು ನಿಲ್ಲಿಸುವ ಮೊದಲು ಒಮ್ಮೆ ಬಣ್ಣ ಮಾಡಿಸೋಣ ಎಂದು ಶಿವಮೊಗ್ಗದ ಒಂದು ಗ್ಯಾರೇಜಿಗೆ ಒಪ್ಪಿಸಿದೆ. ಬಂಪರ್ ಬಿಚ್ಚಿಯೇ ಸ್ಪ್ರೇ ಮಾಡಬೇಕೆಂದು ಹೇಳಿದ್ದೆ. ಮೇಸ್ತ್ರಿ "ಬೋಲ್ಟ್‌ಗಳೆಲ್ಲ ತುಕ್ಕು ಹಿಡಿದಿವೆ ಸಾರ್, ತಿರುಗಿಸಿದರೆ ತುಂಡಾಗುತ್ತವೆ, ಪೇಪರ್ ಸುತ್ತಿ ಟೇಪ್ ಹಾಕುತ್ತೇನೆ" ಎಂದ. ತಲೆಯಾಡಿಸಿದೆ. ಮೊದಲ ತಪ್ಪು ಅಲ್ಲೇ ಆಯಿತು. ಕಾರು ಮನೆಗೆ ಬಂದಾಗ ಮೈಯೆಲ್ಲ ಬೆಣ್ಣೆಯಂಥ ಬಿಳುಪು, ಸರಿ. ಆದರೆ ಎರಡೂ ಬಂಪರುಗಳ ಮೇಲೆ, ಬಾಗಿಲ ಹಿಡಿಗಳ ಮೇಲೆ ರಾಗಿ ಹಿಟ್ಟು ಉದುರಿಸಿದ ಹಾಗೆ ಒರಟು ಬಣ್ಣ. ಮುಂದಿನ ಬಂಪರಿನ ಅಂಚಿನಲ್ಲಂತೂ ಮೂರು ಕಡೆ ಇಳಿದು ಗಟ್ಟಿಯಾಗಿದ್ದ ಹನಿಗಳು.

ದೂರಿದೆ. ಗ್ಯಾರೇಜಿನ ಹುಡುಗನೊಬ್ಬ ಉಪಾಯ ಹೇಳಿದ: ಆಸಿಡ್ ಹಚ್ಚಿ, ಎರಡು ನಿಮಿಷ ಬಿಟ್ಟು ಬ್ರಷ್ ಹಾಕಿ, ಕನ್ನಡಿಯಾಗುತ್ತದೆ. ಅವನನ್ನು ದೂರಿ ಫಲವಿಲ್ಲ. ಹಚ್ಚಿದವನು ನಾನು, ನನ್ನ ಅಂಗಳದಲ್ಲಿ, ನನ್ನ ಕೈಯಿಂದಲೇ.

ಹಚ್ಚಿದ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಣ್ಣ ಗುಳ್ಳೆಗಳು ಎದ್ದವು, ತಿಳಿ ಹಸಿರು ನೀರು ಇಳಿಯತೊಡಗಿತು. ಬ್ರಷ್ ಎಳೆದಲ್ಲೆಲ್ಲ ಬಣ್ಣ ಎದ್ದು ಬಂತು. ಹಿಗ್ಗಿ ಹೋದೆ. ಬಿಳಿಯ ಬಣ್ಣ ಕರಗಿದರೆ ಹಸಿರು ನೀರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲ. ಅದು ಕ್ರೋಮಿಯಂ ಕರಗಿದ ನೀರು. ನೆಲ ಕುಸಿದದ್ದರಿಂದ ಬಣ್ಣ ಬಿದ್ದಿತ್ತು, ಅಷ್ಟೇ.

ತೊಳೆದು ನೋಡಿದರೆ ಬಂಪರಿಗೆ ನೀಲಿ ಛಾಯೆಯ ಆ ಹೊಳಪೇ ಇಲ್ಲ. ಕಾಮಾಲೆಯಾದ ಕಣ್ಣಿನಂತೆ ಮಾಸಲು ಹಳದಿ, ಅದರ ಮೇಲೆ ತಂತಿ ಬ್ರಷ್ಷಿನ ಗೀರುಗಳು. ಜೂನ್ ಮಳೆ ಹಿಡಿದ ಎರಡೇ ವಾರಕ್ಕೆ ಗೀರುಗಳಲ್ಲಿ ಕೆಂಪು ತುಕ್ಕಿನ ಚುಕ್ಕೆಗಳು ಕಾಣಿಸಿಕೊಂಡವು.

ಬಂಪರ್ ಕಳಚಿಕೊಂಡು (ಬೋಲ್ಟ್‌ಗಳಿಗೆ ಒಂದು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟರೆ ಸಾಕಾಯಿತು, ಒಂದೂ ತುಂಡಾಗಲಿಲ್ಲ) ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಪ್ಲೇಟಿಂಗ್ (ಲೋಹದ ಲೇಪ ಹಾಕುವ) ಘಟಕಕ್ಕೆ ಹೋದೆ. ಅಲ್ಲಿನ ಹಿರಿಯರು ತಿರುಗಿಸಿ ನೋಡಿ, "ಆಸಿಡ್ ಹಾಕಿದಿರಾ?" ಎಂದರು. ಹೌದೆಂದೆ. "ಹಳೆಯ ಕ್ರೋಮ್ ಕಿತ್ತು ತೆಗೆಯುವುದಕ್ಕೆ ನಾವೂ ಇದೇ ಹೈಡ್ರೋಕ್ಲೋರಿಕ್ ಆಸಿಡ್ ಬಳಸುವುದು. ನಮ್ಮ ಕೆಲಸದಲ್ಲಿ ಅರ್ಧ ನೀವೇ ಮಾಡಿ ತಂದಿದ್ದೀರಿ" ಎಂದು ನಕ್ಕರು. ಆದರೂ ದರ ಮಾತ್ರ ಕಡಿಮೆ ಮಾಡಲಿಲ್ಲ.

ಅವರು ವಿವರಿಸಿದ ಮೇಲೆ ಅಪ್ಪನ ಮಾತಿನ ಅರ್ಥ ತಿಳಿಯಿತು. ಬಂಪರ್ ಎಂದರೆ ಒಳಗೆ ಉಕ್ಕು, ಅದರ ಮೇಲೆ ಕೆಲವೊಮ್ಮೆ ತಾಮ್ರ, ಅದರ ಮೇಲೆ ಹತ್ತಿಪ್ಪತ್ತು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ನಿಕ್ಕಲ್. ಕನ್ನಡಿಯ ಹೊಳಪು ಬಹುಪಾಲು ಈ ನಿಕ್ಕಲ್ಲಿನದೇ. ಕ್ರೋಮ್ ಕೊನೆಯ ಪದರ. ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ, ತಲೆಗೂದಲಿನ ನೂರನೇ ಒಂದು ಪಾಲಿಗಿಂತ ತೆಳು. ಆ ತೆಳುಪೊರೆ ಹೋದರೆ ನಿಕ್ಕಲ್ ಬಯಲಾಗಿ ಹಳದಿಯಾಗಿ ಮಂಕಾಗುತ್ತದೆ. ನಿಕ್ಕಲ್ ಗೀರಿದರೆ ಉಕ್ಕಿಗೆ ನೀರು ಸಿಗುತ್ತದೆ. ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಒಳಗೂ ಹಿತ್ತಾಳೆಯೇ. ಬಂಪರ್ ಹಾಗಲ್ಲ, ಕಲಾಯಿ ಹಾಕಿದ ಪಾತ್ರೆಯ ಹಾಗೆ. ಕಲಾಯಿ ಪಾತ್ರೆಗೆ ಮರಳು ಹಾಕಿ ತಿಕ್ಕಿದವರಿಗೆ ಅಜ್ಜಿಯಿಂದ ಬೈಗುಳ ಬೀಳುತ್ತಿದ್ದದ್ದು ನೆನಪಿಸಿಕೊಳ್ಳಿ.

ಬಾಗಿಲ ಹಿಡಿಗಳ ಗತಿ ಇನ್ನೂ ಕೆಟ್ಟದು. ಅವಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅವು ಮಜಾಕ್, ಅಂದರೆ ಸತುವಿನ ಎರಕ. ಆಸಿಡ್ ಸೋಕಿದ್ದೇ ಒಳಗಿನ ಸತು ಬುಸುಗುಟ್ಟಿ ಗುಂಡಿ ಬಿದ್ದಿತ್ತು. ಕಾಸ್ಟಿಕ್ ಸೋಡಾ ಹಾಕಿದ್ದರೂ ಸತುವಿಗೆ ಇದೇ ಗತಿಯಾಗುತ್ತಿತ್ತಂತೆ, ಅಲ್ಯುಮಿನಿಯಂ ಆದರೆ ಇನ್ನೂ ಬೇಗ. ಆದ್ದರಿಂದ ಏನು ಹಚ್ಚುವ ಮುಂಚೆಯೂ ಅಯಸ್ಕಾಂತ ಇಟ್ಟು ನೋಡಿ. ಈಗಿನ ಕಾರುಗಳ ಗ್ರಿಲ್, ಲೋಗೋ, ಪಟ್ಟಿಗಳು ಬಹುತೇಕ ಕ್ರೋಮ್ ಹೊದ್ದ ಪ್ಲಾಸ್ಟಿಕ್ಕು. ಉಗುರಿನಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಅದರ ಹತ್ತಿರ ಥಿನ್ನರ್, ಅಸಿಟೋನ್, ಪೇಂಟ್ ರಿಮೂವರ್ ಒಯ್ಯಲೇಬೇಡಿ. ನನ್ನ ನಂಬರ್ ಪ್ಲೇಟಿನ ಚೌಕಟ್ಟು ಹಾಗೆಯೇ ಮಂಜಾಗಿ ಹೋಯಿತು. ಅದು ಮುನ್ನೂರು ರೂಪಾಯಿಯ ಪಾಠ, ಬಿಡಿ.

ಹಿಂದಿನ ಬಂಪರ್ ಉಳಿಯಿತು. ಅದಕ್ಕೆ ಕೈ ಹಾಕುವಷ್ಟರಲ್ಲಿ ಬುದ್ಧಿ ಬಂದಿತ್ತು. ಮೊದಲು ಕಾರಿನಿಂದ ಬಿಚ್ಚಿದೆ, ಏಕೆಂದರೆ ಬಂಪರಿಗೆ ಹಚ್ಚಿದ್ದು ಹೊಸ ಬಣ್ಣದ ಮೇಲೆ ತೊಟ್ಟಿಕ್ಕಿದರೆ ಅದೂ ಏಳುತ್ತದೆ. ಸೋಪು ನೀರಿನಲ್ಲಿ ತೊಳೆದು ಧೂಳು, ಮರಳು ಕಳೆದೆ. ಬನಿಯನ್ ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಕರಗಿಸುವ ಥಿನ್ನರ್ ಹಾಕಿ ಒಳಮಗ್ಗುಲಲ್ಲಿ ಪರೀಕ್ಷಿಸಿದೆ. ಹಳೆಯ ಕಾಲದ ಎನ್‌ಸಿ ಬಣ್ಣವಾಗಿದ್ದರೆ ಬಟ್ಟೆಗೆ ಬಿಳಿ ಹತ್ತಬೇಕಿತ್ತು, ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಹತ್ತಲಿಲ್ಲ. ಗಟ್ಟಿಕಾರಕ ಬೆರೆಸಿ ಹೊಡೆಯುವ ಪಿಯು (ಪಾಲಿಯುರಿಥೇನ್) ಬಣ್ಣ ಒಮ್ಮೆ ಒಣಗಿದರೆ ಥಿನ್ನರಿಗೆ ಜಗ್ಗುವುದಿಲ್ಲ. ಆದರೆ ಹಾರಿ ಬಂದು ಕೂತ ಪುಡಿ ಗಾಳಿಯಲ್ಲೇ ಅರ್ಧ ಒಣಗಿರುವುದರಿಂದ ಅದರ ಹಿಡಿತ ಸಡಿಲ. ಕಾರು ತೊಳೆಯುವವರು ಬಳಸುವ ಕ್ಲೇ ಬಾರ್, ನೋಡಲು ಮಕ್ಕಳಾಟದ ಜೇಡಿಯಂಥದ್ದು, ಅದನ್ನು ಸೋಪು ನೀರಿನ ಮೇಲೆ ಹಗುರಾಗಿ ಹಿಂದೆ ಮುಂದೆ ಜಾರಿಸಿದೆ. ಒಂದು ಗಂಟೆ ಹಿಡಿಯಿತು. ಒರಟೆಲ್ಲ ಹೋಯಿತು, ಒಂದು ಗೀರೂ ಬೀಳಲಿಲ್ಲ. ಜೇಡಿ ನೆಲಕ್ಕೆ ಬಿದ್ದರೆ ಮಾತ್ರ ಎತ್ತಿ ಬಳಸಬೇಡಿ, ಮರಳು ಕಚ್ಚಿಕೊಂಡಿರುತ್ತದೆ.

ದಪ್ಪ ಹನಿಯೊಂದು ಉಳಿದಿತ್ತು. ಅದಕ್ಕೆ ಪೇಂಟ್ ರಿಮೂವರನ್ನು ಕುಂಚದ ತುದಿಯಿಂದ ಇಟ್ಟು, ಬಣ್ಣ ಸುಕ್ಕುಗಟ್ಟಿದ ಮೇಲೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ, ಧಾರಾಳ ನೀರಿನಲ್ಲಿ ತೊಳೆದೆ. ಈ ರಿಮೂವರ್ ವಿಚಾರದಲ್ಲಿ ಹಗುರಾಗಿ ನಡೆದುಕೊಳ್ಳಬೇಡಿ. ಡಬ್ಬದ ಮೇಲೆ ಮೀಥಿಲೀನ್ ಕ್ಲೋರೈಡ್ ಎಂದಿದ್ದರೆ ಅದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಶೆಡ್ಡಿನಲ್ಲಿ ಕೆಳಗೇ ನಿಲ್ಲುತ್ತದೆ, ಮೈಯೊಳಗೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಸಾವುಗಳಾದ ಮೇಲೆ ಅಮೆರಿಕ 2019ರಲ್ಲಿ ಇಂಥ ರಿಮೂವರನ್ನು ಮನೆಬಳಕೆಗೆ ಮಾರುವುದನ್ನೇ ನಿಷೇಧಿಸಿತು. ಆಸ್ಪತ್ರೆಯಲ್ಲಿ ಹಾಕುವಂಥ ತೆಳು ಕೈಗವಸಿನ ಮೂಲಕ ಅದು ಕೆಲವೇ ನಿಮಿಷಗಳಲ್ಲಿ ಒಳಗಿಳಿಯುತ್ತದೆ. ನನ್ನ ಹೆಬ್ಬೆರಳು ಉರಿದದ್ದು ಹಾಗೆ. ಬಯಲಲ್ಲಿ ಮಾಡಿ, ಇಲ್ಲವೇ ಆ ಹನಿ ಅಲ್ಲೇ ಇರಲಿ ಬಿಡಿ.

ಮುಂದಿನ ಬಂಪರ್ ಹೊಸ ನಿಕ್ಕಲ್, ಹೊಸ ಕ್ರೋಮ್ ಹೊದ್ದು ವಾಪಸು ಬಂದಿದೆ. ಹೋಗಿಬರುವ ಖರ್ಚೂ ಸೇರಿ ಹನ್ನೊಂದು ಸಾವಿರ ರೂಪಾಯಿ. ಹಿಡಿಗಳನ್ನು ಪೀಣ್ಯದವರು ಮುಟ್ಟಲಿಲ್ಲ, ಗುಂಡಿ ಬಿದ್ದ ಮಜಾಕಿಗೆ ಪ್ಲೇಟಿಂಗ್ ನಿಲ್ಲುವುದಿಲ್ಲ ಎಂದರು. ಪ್ರತಿ ಸಲ ಬಾಗಿಲು ತೆಗೆಯುವಾಗಲೂ ಆ ಗುಂಡಿಗಳು ಬೆರಳಿಗೆ ತಾಗುತ್ತವೆ. ಪದ್ಮಿನಿಯ ಬಲಬದಿಯ ಎರಡು ಹಿಡಿಗಳು, ಹಳೆಯವಾದರೂ ಸರಿ, ಯಾರ ಬಳಿಯಾದರೂ ಇದ್ದರೆ ತಿಳಿಸಿ. ಬಣ್ಣ ಮೆತ್ತಿಕೊಂಡಿದ್ದರೂ ಪರವಾಗಿಲ್ಲ.