ಲಿಮೂಸಿನ್ ತಳಿಯ ದನ: ಎಂಟು ವರ್ಷ ಸಾಕಿದವನ ವಿಮರ್ಶೆ

ಮಡದಿಯ ಆಸ್ಪತ್ರೆ ಕೆಲಸದ ನಿಮಿತ್ತ ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾಕ್ಕೆ ಬಂದು ನೆಲೆಸಿದ ನಾನು, ಕಾರ್ಲೈಲ್‌ನಿಂದ ಅರ್ಧ ಗಂಟೆಯ ದಾರಿಯಲ್ಲಿ ಅರವತ್ತು ಎಕರೆ ಹುಲ್ಲುಗಾವಲನ್ನು ಗುತ್ತಿಗೆಗೆ ಹಿಡಿದು, 2016ರ ಅಕ್ಟೋಬರಿನಲ್ಲಿ ಇನ್ನೂ ಒಮ್ಮೆಯೂ ಈಯದ ಆರು ಲಿಮೂಸಿನ್ ಮಣಕಗಳೊಂದಿಗೆ ಮಾಂಸದ ದನಗಳ ಸಾಕಣೆಗೆ ಇಳಿದೆ. ಈಗ ಹನ್ನೆರಡು ತಾಯಿ ಹಸುಗಳಿವೆ. ಇಲ್ಲಿ ಹಾಲು ಕರೆಯುವ ಮಾತೇ ಇಲ್ಲ. ಕರು ತಾಯಿಯ ಹಾಲನ್ನೆಲ್ಲ ತಾನೇ ಕುಡಿದು ಬೆಳೆಯುತ್ತದೆ, ಮನೆಯ ಕಾಫಿಗೆ ಅಂಗಡಿಯ ಹಾಲನ್ನೇ ತರಬೇಕು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಜಾರಿಯಲ್ಲಿರುವುದರಿಂದ ಈ ವಿಮರ್ಶೆ ಊರಿನ ರೈತರಿಗಲ್ಲ, ನನ್ನಂತೆ ಹೊರದೇಶದಲ್ಲಿ ಜಮೀನು ಮಾಡಲು ಹೊರಟವರಿಗೆ ಮಾತ್ರ.

ಫ್ರಾನ್ಸಿನ ಮಾಸಿಫ್ ಸೆಂಟ್ರಲ್ ಎತ್ತರನಾಡಿನ ಪಶ್ಚಿಮದ ಅಂಚಿನಲ್ಲಿ, ಲಿಮೋಜ್ ಪಟ್ಟಣದ ಸುತ್ತಲಿನ ಬಡಕಲು ಕಲ್ಲುನೆಲದಲ್ಲಿ ಹುಟ್ಟಿದ ತಳಿಯಿದು. ಅಲ್ಲಿನವರು ಇವುಗಳನ್ನು ನೊಗಕ್ಕೆ ಕಟ್ಟುತ್ತಿದ್ದರು. ವಂಶಾವಳಿಯ ದಾಖಲೆ ಪುಸ್ತಕ ಆರಂಭವಾದದ್ದು 1886ರಲ್ಲಿ, ಮೊದಲ ತಂಡ ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಇಳಿದದ್ದು 1971ರಲ್ಲಿ. ಹಳ್ಳಿಕಾರ್ ಎತ್ತುಗಳನ್ನು ಕಟ್ಟಿದ ಮನೆಯಲ್ಲಿ ಬೆಳೆದ ನನಗೆ ಅವುಗಳ ಮೈಕಟ್ಟು ಮೊದಲ ನೋಟಕ್ಕೇ ಹಿಡಿಸಿತು: ಉದ್ದನೆಯ ಬೆನ್ನು, ಸಣ್ಣ ಮೂಳೆ, ತುಂಬಿದ ತೊಡೆ, ಗೋಧಿಗೆಂಪು ಬಣ್ಣ, ಕಣ್ಣು ಮತ್ತು ಮೂತಿಯ ಸುತ್ತ ತಿಳಿಯಾದ ಉಂಗುರ. ಉಳುವ ದನದ ಚುರುಕೂ ಅದರ ಜೊತೆಗೇ ಬರುತ್ತದೆ ಎಂಬುದನ್ನು ಆಗ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಆರು ಮಣಕಗಳೂ ಗಬ್ಬವಾಗಿದ್ದವು. ಅವುಗಳಲ್ಲಿ ಕಿವಿಗೆ ಹಾಕಿದ ಗುರುತಿನ ಓಲೆಯ ಸಂಖ್ಯೆ 47 ಎಂದು ಕೊನೆಯಾಗುತ್ತಿದ್ದ ಒಂದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಟ್ಟೆ, ಏಕೆಂದರೆ ಅವಳ ತೊಡೆಯ ಮಾಂಸಖಂಡ ಚಿತ್ರದಲ್ಲಿ ಬರೆದಂತಿತ್ತು. ಮಾರಿದವರು ಅವಳನ್ನು ದೂರದ ಬೇಲಿಯ ಆಚೆಯಿಂದಲೇ ತೋರಿಸಿದ್ದರು, ನಾನು ಹತ್ತಿರ ಹೋಗಬೇಕೆಂದು ಕೇಳಲೂ ಇಲ್ಲ. ಮನೆಗೆ ತಂದ ದಿನ ತುಮಕೂರು ಕಡೆಯ ದೊಡ್ಡಪ್ಪನಿಗೆ ಫೋನಿನ ವಿಡಿಯೊದಲ್ಲಿ ತೋರಿಸಿದಾಗ ಅವರು ತೊಡೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ತಲೆ ಎತ್ಕೊಂಡೇ ನಿಂತೈತಲ್ಲೋ, ಕಿವಿ ನೋಡು, ಕತ್ರಿ ಆಡ್ದಂಗೆ ಆಡ್ತೈತೆ. ಇದು ಕೈಗೆ ಬರೋ ದನ ಅಲ್ಲ, ಯಾರಿಗಾದ್ರೂ ದಾಟಿಸ್ಬಿಡು" ಎಂದರು. ನಾನು ನಕ್ಕು ಸುಮ್ಮನಾದೆ. ಜನವರಿಯಲ್ಲಿ ಲಸಿಕೆ ಹಾಕಿಸಲು, ದನಗಳು ಒಂದೊಂದಾಗಿ ಹಾಯುವ ಇಕ್ಕಟ್ಟಾದ ಓಣಿಗೆ ತಿರುಗಿಸಿದಾಗ ಅವಳು ಅರ್ಧಕ್ಕೇ ಹಿಂದಿರುಗಿ, ಗೇಟಿನ ಜೊತೆಗೆ ನನ್ನನ್ನೂ ಗೋಡೆಗೆ ಒತ್ತಿದಳು. ಎರಡು ಪಕ್ಕೆಲುಬು ಮುರಿದವು. ಕರುವಿಗೆ ಹಾಲು ಬಿಡಿಸಿದ ಮೇಲೆ ಅವಳನ್ನು ಮಾರಿದೆನಾದರೂ, ಕರು ಹೆಣ್ಣೆಂಬ ಆಸೆಗೆ ಮಗಳನ್ನು ಉಳಿಸಿಕೊಂಡದ್ದು ಎರಡನೆಯ ತಪ್ಪು. ಎರಡು ವರ್ಷ ಮೇವು ಹಾಕಿದ ಮೇಲೆ ಅವಳೂ ಅದೇ ಗೇಟನ್ನು ಹಾರಿದಳು.

ಮಗಳು ತಾಯಿಯಂತಾದದ್ದು ಆಕಸ್ಮಿಕವಲ್ಲ. ಲಿಮೂಸಿನ್‌ಗಳಲ್ಲಿ ಸ್ವಭಾವದ ಅನುವಂಶೀಯತೆ ಸುಮಾರು 0.4 ಎಂದು ಅಂದಾಜಿಸಿದ್ದಾರೆ. ಅಂದರೆ ಒಂದು ದನಕ್ಕೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ಸರಿಸುಮಾರು ಐದರಲ್ಲಿ ಎರಡು ಪಾಲು ರಕ್ತದಲ್ಲೇ ಬರುವಂಥದ್ದು. ಈ ಕಾರಣಕ್ಕೇ ತಳಿ ಸಂಘಗಳು ಸಾಧುತನಕ್ಕೂ ವಂಶಮೌಲ್ಯದ ಅಂಕಿಯನ್ನು, ಅಂದರೆ ಆ ಗುಣ ಕರುಗಳಿಗೆ ಎಷ್ಟು ಇಳಿಯುತ್ತದೆಂಬ ಅಂದಾಜನ್ನು, ಲೆಕ್ಕ ಹಾಕಿ ಪ್ರಕಟಿಸುತ್ತವೆ, ಮತ್ತು ಆ ಅಂಕಿಯನ್ನು ನೋಡಿ ಹೋರಿಗಳನ್ನು ಆರಿಸಿದವರ ಮಂದೆಗಳು ಹಿಂದಿನ ತಲೆಮಾರಿನ ಲಿಮೂಸಿನ್‌ಗಳಿಗಿಂತ ಬಹಳ ಶಾಂತವಾಗಿವೆ. ಈಗ ನಾನು ಕೊಳ್ಳುವ ಮೊದಲು ದೊಡ್ಡಿಯ ಒಳಕ್ಕೆ ಹೋಗಿ ಐದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಮೊದಲು ಬೆದರಿದರೂ ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿ ಮೂಸಲು ಬರುವ ದನ ಸರಿ. ಮೂಲೆಯಲ್ಲಿ ಉಳಿದವುಗಳ ಮೇಲೆ ಹತ್ತುವುದು, ಕಣ್ಣಿನ ಬಿಳಿ ತೋರಿಸುವುದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ನಮ್ಮ ಹಿರಿಯರು ಜಾತ್ರೆಯಲ್ಲಿ ಕೂದಲಿನ ಸುಳಿ ನೋಡದೆ ದನ ಕೊಳ್ಳುತ್ತಿರಲಿಲ್ಲವಷ್ಟೆ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಣೆಯ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿರುವ ದನಗಳು ಕಟ್ಟಿ ನಿಲ್ಲಿಸಿದಾಗ ಹೆಚ್ಚು ಕಸಿವಿಸಿಗೊಳ್ಳುತ್ತವೆ ಎಂದು ಕಂಡುಬಂದಿತ್ತು. ಸುಳಿಯಿಂದ ಮನೆಯ ಯಜಮಾನನ ಆಯುಸ್ಸು ಹೇಳುವುದನ್ನು ನಾನು ಒಪ್ಪುವುದಿಲ್ಲ, ಆದರೆ ಹಣೆಯನ್ನು ಈಗ ನಾನೂ ನೋಡುತ್ತೇನೆ. 47ರ ಸುಳಿ ಕಣ್ಣಿಗಿಂತ ನಾಲ್ಕು ಬೆರಳು ಮೇಲಿತ್ತು.

ಇಷ್ಟು ದೂರಿದ ಮೇಲೂ ಐದಕ್ಕೆ ನಾಲ್ಕು ಅಂಕ ಕೊಡುವುದಕ್ಕೆ ಮುಖ್ಯ ಕಾರಣ, ಇವು ಈಯುವ ರೀತಿ. ಎಂಟು ವರ್ಷಗಳಲ್ಲಿ ನನ್ನ ಕೊಟ್ಟಿಗೆಯಲ್ಲಿ 76 ಕರುಗಳು ಹುಟ್ಟಿವೆ. ಹಗ್ಗ ಹಾಕಿ ಎಳೆಯಬೇಕಾದದ್ದು ನಾಲ್ಕು ಸಲ, ವೈದ್ಯರು ಹೊಟ್ಟೆ ಕೊಯ್ದದ್ದು ಒಂದೇ ಸಲ. ಕೆಂಪಿ ಎಂದು ನಾವು ಕರೆಯುವ ಹಸುವಿನ ಮೊದಲ ಕರುವನ್ನು ಕೈಗಡಿಯಾರ ಹಿಡಿದೇ ನೋಡಿದೆ: ನೀರುಚೀಲ ಕಂಡು ಮುಕ್ಕಾಲು ಗಂಟೆಯೊಳಗೆ ಮುಂಗಾಲುಗಳ ಮೇಲೆ ಮೂತಿಯಿಟ್ಟುಕೊಂಡು ಜಾರಿಬಂದ ಕರು, ತಾಯಿ ನೆಕ್ಕುತ್ತಿರುವಾಗಲೇ ಎರಡು ಸಲ ಮುಗ್ಗರಿಸಿ ಇಪ್ಪತ್ತೈದನೆಯ ನಿಮಿಷಕ್ಕೆ ಕೆಚ್ಚಲು ಹುಡುಕಿ ಗಿಣ್ಣುಹಾಲಿಗೆ ಬಾಯಿ ಹಾಕಿತು. ತೂಗಿದಾಗ 36 ಕಿಲೊ. ಹುಟ್ಟುವಾಗ ತೆಳ್ಳಗೆ ಉದ್ದವಾಗಿದ್ದು ಆಮೇಲೆ ಮೈ ತುಂಬುವುದು ಈ ತಳಿಯ ಗುಣ. ಸ್ನಾಯುವಿನ ಬೆಳವಣಿಗೆಗೆ ಲಗಾಮು ಹಾಕುವ ಮಯೋಸ್ಟಾಟಿನ್ ಜೀನಿನ ಎಫ್94ಎಲ್ ಎಂಬ ರೂಪಾಂತರ ಲಿಮೂಸಿನ್‌ಗಳಲ್ಲಿ ವ್ಯಾಪಕವಾಗಿದೆ. ಅದು ಮಾಂಸವನ್ನು ಹೆಚ್ಚಿಸಿದರೂ, ಬೆಲ್ಜಿಯನ್ ಬ್ಲೂ ತಳಿಯಲ್ಲಿ ಈಯುವಾಗ ತೊಂದರೆ ಕೊಡುವ ರೂಪಾಂತರದಷ್ಟು ಉಗ್ರವಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಗಬ್ಬದ ಅವಧಿ ಸುಮಾರು 289 ದಿನ, ಬ್ರಿಟಿಷ್ ತಳಿಗಳಿಗಿಂತ ಸಾಮಾನ್ಯವಾಗಿ ಕೆಲವು ದಿನ ಉದ್ದ. ಮೊದಲ ವರ್ಷ ದಿನ ಮೀರಿತೆಂದು ಗಾಬರಿಯಾಗಿ ವೈದ್ಯರನ್ನು ವೃಥಾ ಕರೆಸಿ ಶುಲ್ಕ ತೆತ್ತೆ.

ನಿಜವಾದ ಅಪಾಯ ಕರು ಎದ್ದು ನಿಂತ ಮೇಲೆ ಆರಂಭವಾಗುತ್ತದೆ. ಇಲ್ಲಿನ ನಿಯಮದಂತೆ ಮಾಂಸದ ಕರುವಿಗೆ 20 ದಿನದೊಳಗೆ ಎರಡೂ ಕಿವಿಗೆ ಓಲೆ ಹಾಕಿ, 27 ದಿನದೊಳಗೆ ಅದರ ಗುರುತಿನ ಪತ್ರವಾದ ಪಾಸ್‌ಪೋರ್ಟಿಗೆ ಅರ್ಜಿ ಸಲ್ಲಿಸಬೇಕು; ರಬ್ಬರ್ ಉಂಗುರದಿಂದ ಬೀಜ ಒಡೆಯುವುದಾದರೆ ಅದು ಮೊದಲ ವಾರದಲ್ಲೇ ಆಗಬೇಕು. ಅಂದರೆ ತಾಯಿ ಅತಿ ಸಿಟ್ಟಿನಲ್ಲಿರುವ ದಿನಗಳಲ್ಲೇ ಕರುವನ್ನು ಮುಟ್ಟಬೇಕು. ಊರಿನಲ್ಲಿ ಅಮೃತ ಮಹಲ್ ದನಗಳ ಸಿಟ್ಟನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಯುವ ಬಯಲಿನಲ್ಲಿ ಒಬ್ಬನೇ ಕರು ಹಿಡಿಯುವ ಸಾಹಸವನ್ನು ನಾನು ಕೈಬಿಟ್ಟಿದ್ದೇನೆ. ಈದ ಹಸುವನ್ನು ಕರುವಿನೊಡನೆ ಕೊಟ್ಟಿಗೆಯ ಅಂಕಣಕ್ಕೆ ಸೇರಿಸಿ, ಕಬ್ಬಿಣದ ಅಡ್ಡಗೇಟಿನ ಆಚೆಗೆ ತಾಯಿಯನ್ನು ನಿಲ್ಲಿಸಿ, ಅವಳಿಗೆ ಕರು ಕಾಣುತ್ತಿರುವಂತೆಯೇ ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತೇನೆ. ನನ್ನ ಒಂದು ಹೊಲದ ನಡುವೆ ಸಾರ್ವಜನಿಕ ಕಾಲುದಾರಿ ಹಾದುಹೋಗುವುದರಿಂದ, ನಾಯಿ ಹಿಡಿದು ನಡೆಯುವವರನ್ನು ನೆನೆದು ಎಳೆಗರುವಿನ ತಾಯಂದಿರನ್ನು ಅಲ್ಲಿಗೆ ಬಿಡುವುದೇ ಇಲ್ಲ.

ಮೇವಿನ ವಿಷಯದಲ್ಲಿ ಹೇಳುವುದು ಕಡಿಮೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಕೊಟ್ಟಿಗೆಯಲ್ಲಿ ರಸಮೇವು (ಹುದುಗಿಸಿದ ಹಸಿಹುಲ್ಲು) ಮತ್ತು ಒಣಹುಲ್ಲು, ಉಳಿದಂತೆ ಬಯಲಿನ ಹುಲ್ಲು. ಈಯುವ ಹೊತ್ತಿಗೆ ಹಸು ಕೊಬ್ಬಬಾರದು. ವಸಂತದ ಎಳೆಹುಲ್ಲಿಗೆ ಬಿಟ್ಟಾಗ ಮೆಗ್ನೀಸಿಯಂ ಕೊರತೆಯಿಂದ ನಡುಗಿ ಬೀಳುವ ಕಾಯಿಲೆ ಬರುವುದುಂಟು, ಆದ್ದರಿಂದ ನೆಕ್ಕಲು ಮೆಗ್ನೀಸಿಯಂ ಬಕೆಟ್ ಇಡಬೇಕು. ಮಣಕಗಳನ್ನು ನಾನು ಹದಿನೆಂಟು ತಿಂಗಳು ದಾಟಿ, ಮೈತೂಕ 420 ಕಿಲೊ ಆದ ಮೇಲೆಯೇ ಗಬ್ಬ ಕಟ್ಟಿಸುತ್ತೇನೆ. ನಿಧಾನವಾಗಿ ಬಲಿಯುವ ತಳಿಯಲ್ಲಿ ಅವಸರ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಹನ್ನೆರಡು ಹಸುಗಳಿಗೆ ಸ್ವಂತ ಬೀಜದ ಹೋರಿ ದುಂದು. ಕೃತಕ ಗರ್ಭಧಾರಣೆಗೆ ಬೆದೆ ಕಾಯುವ ತಾಳ್ಮೆಯಿದ್ದರೆ ಅದೇ ಅಗ್ಗ. ನನಗೆ ಆ ತಾಳ್ಮೆ ಸಾಲದೆ, ಪಕ್ಕದ ರೈತರೊಡನೆ ಪಾಲಿನಲ್ಲಿ ಕೊಂಬಿಲ್ಲದ ಹೋರಿಯೊಂದನ್ನು ಕೊಂಡೆ. ಕಾರ್ಲೈಲ್ ಹರಾಜಿನಲ್ಲಿ 2021ರ ಜನವರಿಯಲ್ಲಿ ಪಾಶ್‌ಸ್ಪೈಸ್ ಎಂಬ ಲಿಮೂಸಿನ್ ಮಣಕ 2,50,000 ಗಿನಿಗೆ (ಗಿನಿ ಎಂದರೆ ಇಲ್ಲಿನ ದನದ ಹರಾಜಿನ ಹಳೆಯ ಲೆಕ್ಕ, ಪೌಂಡಿಗಿಂತ ತುಸು ಹೆಚ್ಚು) ಮಾರಾಟವಾದದ್ದನ್ನು ಕೇಳಿ ಯಾರೂ ಬೆದರಬೇಕಾಗಿಲ್ಲ, ಅದು ಪ್ರದರ್ಶನದ ದನಗಳ ಲೋಕ. ನಮ್ಮಂಥವರು ನೋಡಬೇಕಾದದ್ದು ಸುಲಭ ಹೆರಿಗೆ, ಸಾಧುತನ, ತಾಯಿಹಾಲು ಎಂಬ ಮೂರು ವಂಶಮೌಲ್ಯಗಳನ್ನು, ಜೊತೆಗೆ ವೀರ್ಯಪರೀಕ್ಷೆಯ ಪತ್ರವನ್ನು ಮತ್ತು ಬಿವಿಡಿ ಎಂಬ ವೈರಸ್ ಕಾಯಿಲೆ, ಜೋನ್ಸ್ ಎಂಬ ಕರುಳಿನ ಕಾಯಿಲೆಗಳ ತಪಾಸಣೆಯ ಫಲಿತಾಂಶವನ್ನು. ಹಾಲಿನ ಅಂಕಿಯನ್ನು ಕಡೆಗಣಿಸಿ ತೊಡೆಯನ್ನೇ ಬೆನ್ನಟ್ಟಿದ ವರ್ಷ ನನ್ನ ಕರುಗಳು ಹಾಲು ಬಿಡಿಸುವಾಗ ಮೂವತ್ತು ಕಿಲೊ ಹಗುರವಾಗಿದ್ದವು.

ಮಾರಾಟದಲ್ಲಿ ತಳಿ ತನ್ನ ಮಾತು ಉಳಿಸಿಕೊಳ್ಳುತ್ತದೆ. ಯುರೋಪಿನ ಶ್ರೇಣಿಯಲ್ಲಿ ಮೈಕಟ್ಟಿಗೆ ಉತ್ತಮದಿಂದ ಕೆಳಕ್ಕೆ ಇ, ಯು, ಆರ್, ಒ, ಪಿ ಎಂಬ ಐದು ದರ್ಜೆಗಳಿದ್ದು, ಬೀಜ ಒಡೆಸಿದ ನನ್ನ ಹೋರಿಗಳು ಇಪ್ಪತ್ತೆರಡು ತಿಂಗಳಿಗೆ ಬಹುಪಾಲು ಯು ದರ್ಜೆಗೆ ಬರುತ್ತವೆ. ಸಣ್ಣ ಮೂಳೆ, ಕಡಿಮೆ ಕೊಬ್ಬಿನಿಂದಾಗಿ ಮಾರಲು ಸಿಗುವ ಮಾಂಸ ಹೆಚ್ಚು. ಆದರೆ ಕೊಬ್ಬಿನ ಎಳೆಗಳು ಹರಡಿದ ಮಾಂಸಕ್ಕೆ ಹೆಚ್ಚು ಬೆಲೆ ಕೊಡುವ ಹೋಟೆಲಿನವರು ಆಂಗಸ್ ತಳಿಯನ್ನೇ ಕೇಳುತ್ತಾರೆ, ಅಲ್ಲಿ ನಮ್ಮದು ನಡೆಯುವುದಿಲ್ಲ.

ಮತ್ತೆ ಮೊದಲಿನಿಂದ ಆರಂಭಿಸುವುದಾದರೆ ನಾನು ಶುದ್ಧ ಲಿಮೂಸಿನ್ ಮಣಕಗಳನ್ನು ಕೊಳ್ಳುವುದಿಲ್ಲ. ಆಂಗಸ್ ಮಿಶ್ರತಳಿಯ, ಒಂದೆರಡು ಸಲ ಈದು ಪಳಗಿದ ಹಸುಗಳನ್ನು ತಂದು, ಸಾಧು ವಂಶದ ಲಿಮೂಸಿನ್ ಹೋರಿಯನ್ನು ಬಿಟ್ಟು, ಓಣಿ ಮತ್ತು ದನವನ್ನು ಅಲುಗದಂತೆ ನಿಲ್ಲಿಸುವ ಹಿಡಿಕಟ್ಟಿನ ಪಂಜರಕ್ಕೆ ಮೊದಲ ಹಣ ಹಾಕುತ್ತೇನೆ. ನಾನು ಪಂಜರ ಕೊಂಡದ್ದು ಪಕ್ಕೆಲುಬು ಮುರಿದ ಮೇಲೆ. ಮಾರ್ಚಿಯಲ್ಲಿ ಕೆಂಪಿಯ ಮೊಮ್ಮಗಳು ಮೊದಲ ಸಲ ಈಯಲಿದ್ದಾಳೆ. ಮಕ್ಕಳು ಗಂಗೆದೊಗಲು ತುರಿಸಿದರೆ ಕಣ್ಣುಮುಚ್ಚಿ ನಿಲ್ಲುವಷ್ಟು ಸಾಧು. ಆದರೂ ಅವಳ ಅಂಕಣಕ್ಕೆ ಅಡ್ಡಗೇಟನ್ನು ಈಗಲೇ ಕಟ್ಟಿಟ್ಟಿದ್ದೇನೆ.