ಹೊಲಿಗೆ ಕೋಣೆಗೆ ಮಡಚುವ ಮಂಚ: ಒಂದು ವರ್ಷ ಬಳಸಿದ ಮೇಲೆ

ಹೊಲಿಗೆಗೆಂದು ಇಟ್ಟುಕೊಂಡ ಕೋಣೆಯಲ್ಲಿಯೇ ರಾತ್ರಿ ತಂಗುವ ನೆಂಟರಿಗೂ ಜಾಗ ಮಾಡಬೇಕಾದವರು ಮೊದಲು ವಿಚಾರಿಸುವುದು ಮಂಚದ ಬಗ್ಗೆ: ಎಷ್ಟು ಅಗಲ, ಎಷ್ಟು ಭಾರ, ಬಿಚ್ಚಲು ಎಷ್ಟು ಹೊತ್ತು. ನಾನೂ ಅಷ್ಟನ್ನೇ ವಿಚಾರಿಸಿ, ಮೇಜು ಕೂಡಿಕೊಂಡಿರುವ ಗೋಡೆ ಮಂಚವೊಂದನ್ನು ಹಾಕಿಸಿಕೊಂಡೆ. ಮಂಚವನ್ನು ಬಿಚ್ಚುವ ಹೊತ್ತಿಗೆ ಅರ್ಧಕ್ಕೆ ನಿಂತಿರುವ ಹೊಲಿಗೆ ಎಲ್ಲಿಗೆ ಹೋಗಬೇಕು ಎಂದು ಅಂಗಡಿಯವರನ್ನು ಕೇಳಬೇಕೆಂಬುದು ಆಗ ಹೊಳೆಯಲಿಲ್ಲ. ಈ ಮಂಚದ ಒಳಿತು ಕೆಡುಕುಗಳೆರಡೂ ಆ ಒಂದು ಮಾತಿನಲ್ಲಿಯೇ ಅಡಗಿವೆ ಎಂದು ತಿಳಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ಮುಚ್ಚಿದಾಗ ಇದು ಗೋಡೆಗೆ ಒರಗಿಸಿದ, ಒಂದೂವರೆ ಅಡಿ ಆಳದ ಬೀರುವಿನಂತೆ ಕಾಣುತ್ತದೆ. ಒಳಗಿನ ಮಂಚ 4 ಅಡಿ ಅಗಲ, 6 ಅಡಿ 3 ಅಂಗುಲ ಉದ್ದವಿದ್ದು, ಉದ್ದನೆಯ ಬದಿ ಗೋಡೆಗುಂಟ ಬರುವಂತೆ ಅಡ್ಡಲಾಗಿ ಮಡಚಿಕೊಳ್ಳುತ್ತದೆ. ನೆಟ್ಟಗೆ ನಿಂತು ತಲೆಯ ಕಡೆಯಿಂದ ಇಳಿಯುವ ಮಾದರಿಯೂ ಇದೆ. ಆದರೆ ಅದು ಬಿಚ್ಚಿದಾಗ ಆರೂವರೆ ಅಡಿಗೂ ಹೆಚ್ಚು ಮುಂದಕ್ಕೆ ಚಾಚುವುದರಿಂದ, ಹತ್ತು ಅಡಿ ಅಗಲದ ಕೋಣೆಯಲ್ಲಿ ಈಗ ಎದುರು ಗೋಡೆಯ ಬಳಿ ಇರುವ ಹೊಲಿಗೆ ಯಂತ್ರವನ್ನು ಪ್ರತಿ ಸಲವೂ ಸರಿಸಬೇಕಾಗುತ್ತದೆ. ಅಡ್ಡ ಮಂಚ ನಾಲ್ಕೂವರೆ ಅಡಿಗೆ ನಿಲ್ಲುತ್ತದೆ, ಯಂತ್ರ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಇಬ್ಬರು ದೊಡ್ಡವರಿಗೆ ಇದು ಇಕ್ಕಟ್ಟು ಎಂಬುದನ್ನು ಒಪ್ಪಿಕೊಂಡೇ ನಾನು ಅಡ್ಡ ಮಾದರಿಯನ್ನು ಆರಿಸಿದೆ, ಮತ್ತೊಮ್ಮೆ ಕೊಳ್ಳುವುದಾದರೂ ಅದನ್ನೇ ಆರಿಸುವೆ.

ಮಂಚದ ಹೊರಮುಖಕ್ಕೆ 6 ಅಡಿ ಉದ್ದ, 2 ಅಡಿ ಅಗಲದ ಮೇಜು ಜೋಡಿಸಲಾಗಿದೆ. ಮಂಚವನ್ನು ಕೆಳಗೆ ಎಳೆದಂತೆ ಈ ಮೇಜು ತಕ್ಕಡಿಯ ತಟ್ಟೆಯ ಹಾಗೆ ಮಟ್ಟ ತಪ್ಪದೆ ಇಳಿಯುತ್ತ ಮಂಚದ ಅಡಿಗೆ ಸೇರಿಕೊಳ್ಳುತ್ತದೆ. ಮಾರುವವರು ಇಂಥ ಎಲ್ಲ ಮಂಚಗಳನ್ನೂ ಮರ್ಫಿ ಮಂಚವೆಂದೇ ಕರೆಯುತ್ತಾರೆ. ಅಮೆರಿಕದಲ್ಲಿ ಮಡಚುವ ಮಂಚ ಮಾಡಿ ಮಾರಿದ ವಿಲಿಯಂ ಲಾರೆನ್ಸ್ ಮರ್ಫಿ ಎಂಬಾತನಿಂದ ಬಂದ ಈ ಹೆಸರು ಯಾವುದೋ ಒಂದು ಕಂಪನಿಯ ಸ್ವತ್ತಲ್ಲ, ಸಾಮಾನ್ಯ ನಾಮವಾಗಿ ಹೋಗಿದೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 1989ರಲ್ಲಿಯೇ ಹೇಳಿದೆ. ಆದ್ದರಿಂದ ಹೆಸರನ್ನು ನೋಡಿ ಮೇಜು ಮಟ್ಟವಾಗಿ ಇಳಿಯುವ ಮಾದರಿಯೋ, ಮಂಚದ ಬೆನ್ನಿಗೆ ಮಡಚಿಕೊಳ್ಳುವ ಮಾದರಿಯೋ ಎಂದು ಹೇಳಲಾಗದು. ಎರಡನೆಯದಾದರೆ ಮೇಜಿನ ಮೇಲಿನದನ್ನೆಲ್ಲ ತೆಗೆಯದೆ ಮಂಚ ಇಳಿಯುವುದಿಲ್ಲ. ಹೊಲಿಯುವವರಿಗೆ ಅದರಿಂದ ಉಪಯೋಗ ಕಡಿಮೆ.

ಮಟ್ಟವಾಗಿ ಇಳಿಯುವ ಮೇಜಿನ ಬೆಲೆ ತಿಳಿದದ್ದು ಚಿಕ್ಕಮ್ಮ ರಾತ್ರಿ ಹತ್ತು ಗಂಟೆಗೆ ಬಂದಿಳಿದ ದಿನ. ಷರ್ಟೊಂದರ ಎರಡು ಮುಂಭಾಗ, ಬೆನ್ನು, ತೋಳು, ಕಾಲರು, ಕಫ್ಫುಗಳನ್ನು ಕತ್ತರಿಸಿ, ಸೀಮೆಸುಣ್ಣದ ಗುರುತು ಅಳಿಸದಂತೆ ಮೇಜಿನ ಮೇಲೆ ಹರಡಿಕೊಂಡಿದ್ದೆ. ಯಾವುದನ್ನೂ ಮಡಿಸದೆ ಮಂಚವನ್ನು ಹಾಗೆಯೇ ಇಳಿಸಿದೆ. ಅವರು ಮೇಲೆ ಮಲಗಿದರು, ಷರ್ಟು ಕೆಳಗೆ ಮಲಗಿತು. ಬೆಳಿಗ್ಗೆ ಎತ್ತಿ ನೋಡಿದಾಗ ಫ್ಯಾನಿನ ಗಾಳಿಗೆ ಒಂದು ಕಫ್ಫು ನೆಲಕ್ಕೆ ಬಿದ್ದಿದ್ದನ್ನು ಬಿಟ್ಟರೆ ಉಳಿದವೆಲ್ಲ ಇಟ್ಟಲ್ಲಿಯೇ ಇದ್ದವು.

ಆದರೆ ಮಂಚದ ಅಡಿಗೂ ಮೇಜಿಗೂ ನಡುವೆ ಉಳಿಯುವ ಅಂತರ 20 ಸೆಂಟಿಮೀಟರ್ ಮಾತ್ರ. ಸಾಮಾನ್ಯ ಹೊಲಿಗೆ ಯಂತ್ರದ ಎತ್ತರ ಸುಮಾರು 30 ಸೆಂಟಿಮೀಟರ್. ಮೇಜಿನ ಮೇಲಿರುವ ಯಾವುದನ್ನೂ ತೆಗೆಯಬೇಕಿಲ್ಲ ಎಂಬ ಮಾರಾಟದ ಮಾತು ಹೊಲಿಯುವವರ ಮಟ್ಟಿಗೆ ಇಲ್ಲಿಯೇ ಸುಳ್ಳಾಗುತ್ತದೆ. ಮೇಜಿನ ಮೇಲಿನ ಮುಖ್ಯ ವಸ್ತುವೇ ಒಳಗೆ ಹೋಗದು. ಏಳೆಂಟು ಕಿಲೋ ತೂಗುವ ಯಂತ್ರವನ್ನು ಎರಡು ಬಾರಿ ಎತ್ತಿ ಇಳಿಸಿದ ಮೇಲೆ, ಅದನ್ನು ಎದುರು ಗೋಡೆಯ ಪುಟ್ಟ ಮೇಜಿಗೆ ಶಾಶ್ವತವಾಗಿ ಕಳುಹಿಸಿದೆ. ಅದರಿಂದ ಲಾಭವೇ ಆಯಿತು. ಕೀಲುಗಳ ಮೇಲೆ ನಿಂತಿರುವ ಮೇಜು ಯಂತ್ರ ಜೋರಾಗಿ ಓಡುವಾಗ ಅದುರುತ್ತದೆ. ಉದ್ದನೆಯ ಹೊಲಿಗೆ ಹಾಕುವಾಗ ದಾರದ ರೀಲು ತಾನಾಗಿ ಉರುಳಿ ಹೋಗುತ್ತಿತ್ತು.

ಹೀಗೆ ಮಂಚದ ಮೇಜು ಬಟ್ಟೆ ಕತ್ತರಿಸುವುದಕ್ಕೆ ಮೀಸಲಾಯಿತು. ಇಲ್ಲಿಯೂ ಒಂದು ತಕರಾರಿದೆ. ಮೇಜಿನ ಎತ್ತರ 75 ಸೆಂಟಿಮೀಟರ್. ಕುಳಿತು ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನಿಂತು ಕತ್ತರಿಸುವವರಿಗೆ 90 ಸೆಂಟಿಮೀಟರ್ ಆಸುಪಾಸು ಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಸೊಂಟ ಮಾತನಾಡಲು ತೊಡಗುತ್ತದೆ. ಅಗಲದ ವಿಷಯದಲ್ಲಿ ಅದೃಷ್ಟ ಅಷ್ಟೇನೂ ಕೆಟ್ಟದ್ದಲ್ಲ: 44 ಅಂಗುಲದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದರೆ 22 ಅಂಗುಲವಾಗಿ ಎರಡಡಿಯ ಮೇಜಿನ ಮೇಲೆ ಸಲೀಸಾಗಿ ಕೂರುತ್ತದೆ. 60 ಅಂಗುಲದ ಬಟ್ಟೆ ಮಡಿಸಿದಾಗ ಆರು ಅಂಗುಲ ಹೊರಗೆ ಜೋಲುತ್ತದೆ, ಆ ಜೋಲುವ ಭಾರಕ್ಕೆ ಎಳೆ ವಾರೆಯಾಗುತ್ತದೆ. ಪರದೆ, ಹೊದಿಕೆಗಳನ್ನು ಹೊಲಿಯುವವರಿಗೆ ಈ ಮೇಜು ಸಾಲದು.

ಜೋಡಣೆಯ ಬಗ್ಗೆ ಎರಡು ಮಾತು. ಪೆಟ್ಟಿಗೆಯನ್ನು ಗೋಡೆಗೆ ಆಂಕರ್ ಬೋಲ್ಟುಗಳಿಂದ ಬಿಗಿಯಲೇಬೇಕು. ಬಿಗಿಯದಿದ್ದರೆ ಮಂಚ ಎಳೆದಾಗ ಇಡೀ ಬೀರು ಮುಂದಕ್ಕೆ ಮಗುಚುವ ಅಪಾಯವಿದೆ, ಬರಿಯ ಹಲಗೆ ಗೋಡೆಯಾದರೆ ಒಳಗಿನ ಚೌಕಟ್ಟಿಗೇ ಬೋಲ್ಟು ಕೂರಬೇಕು. ಇನ್ನು ಮಂಚವನ್ನು ಎತ್ತಲು, ನಿಧಾನವಾಗಿ ಇಳಿಸಲು ನೆರವಾಗುವ ಎರಡೂ ಬದಿಯ ಗ್ಯಾಸ್ ಪಿಸ್ಟನ್‌ಗಳ ವಿಷಯ. ಅವು ಹಾಸಿಗೆಯ ತೂಕಕ್ಕೆ ಹೊಂದಿಕೊಂಡಿರಬೇಕೆಂಬುದು ನನಗೆ ಗೊತ್ತಿರಲಿಲ್ಲ. ಎತ್ತಲು ಸುಲಭವಾಗಲೆಂದು ಹಗುರವಾದ ಫೋಮ್ ಹಾಸಿಗೆಯನ್ನು ಹಾಕಿದೆ. ಪರಿಣಾಮವಾಗಿ ಮೇಲೆ ಯಾರೂ ಇಲ್ಲದಾಗ ಮಂಚದ ಮುಂತುದಿ ನಾಲ್ಕು ಬೆರಳು ಮೇಲೆದ್ದು ನಿಲ್ಲುತ್ತಿತ್ತು, ನೆಂಟರು ನೀರು ಕುಡಿಯಲು ಎದ್ದರೆ ಮಂಚವೂ ಅವರೊಡನೆ ಏಳುತ್ತಿತ್ತು. ಹಾಸಿಗೆ ಅತಿ ಭಾರವಾದರೆ ಇದಕ್ಕೆ ವಿರುದ್ಧವಾಗಿ ಮಂಚ ಕೈ ತಪ್ಪಿ ಧೊಪ್ಪನೆ ಬೀಳುತ್ತದೆ. ಪಿಸ್ಟನ್ನಿನ ಮೈಮೇಲೆ ಅದರ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಕಡಿಮೆ ಬಲದ ಜೋಡಿಯನ್ನು ತರಿಸಿ ಹಾಕುವುದಕ್ಕೆ ಮಾರಿದವರು ಎರಡು ತಿಂಗಳು ತೆಗೆದುಕೊಂಡರು. ಮೊದಲೇ ಹಾಸಿಗೆಯ ತೂಕ ಕೇಳಬೇಕಾಗಿದ್ದವರು ಅವರು ಎಂದು ನಾನು ಈಗಲೂ ಹೇಳುತ್ತೇನೆ.

ಹೊಲಿಗೆ ಕೋಣೆಯಲ್ಲಿ ಮಲಗುವವರ ನಿಜವಾದ ಶತ್ರು ಗುಂಡುಸೂಜಿ. ಚಿಕ್ಕಮ್ಮ ಮರುದಿನ ಬೆಳಿಗ್ಗೆ, "ರಾತ್ರಿ ಏನೋ ಚುಚ್ಚಿತು ಕಣೇ" ಎಂದು ಅಂಗೈ ಚಾಚಿದಾಗ ಅದರಲ್ಲಿ ತಲೆಯಿಲ್ಲದ ಹಿತ್ತಾಳೆಯ ಸೂಜಿಯೊಂದಿತ್ತು. ಹಾಸುವ ಮೊದಲು ನಾನು ಹಾಸಿಗೆಯ ಮೇಲೆ ಅಯಸ್ಕಾಂತ ಆಡಿಸಿದ್ದೆ. ಆದರೆ ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂದೇ ಹಿತ್ತಾಳೆಯವನ್ನೆಲ್ಲ ತೆಗೆದು, ಅಯಸ್ಕಾಂತಕ್ಕೆ ಅಂಟುವ, ಬಣ್ಣದ ಗಾಜಿನ ತಲೆಯ ಉಕ್ಕಿನ ಸೂಜಿಗಳನ್ನು ತಂದೆ. ಗಾಜಿನ ತಲೆಯಾದರೆ ಇಸ್ತ್ರಿಯ ಬಿಸಿಗೂ ಕರಗದು. ಈಗ ಸೂಜಿದಿಂಬಿನಲ್ಲಿ ನಲವತ್ತು ಸೂಜಿಗಳಿವೆ. ಮಂಚ ಬಿಚ್ಚುವ ಮೊದಲು ಎಣಿಸುತ್ತೇನೆ, ಮೂವತ್ತೊಂಬತ್ತು ಬಂದರೆ ನೆಂಟರು ಸ್ವಲ್ಪ ಹೊತ್ತು ಹಜಾರದಲ್ಲಿ ಕಾಯಬೇಕಾಗುತ್ತದೆ.

ಬೀರುವಿನ ಒಳಗೆ ದೀಪವನ್ನಾಗಲಿ ಪ್ಲಗ್ಗನ್ನಾಗಲಿ ಮಾರಿದವರು ಕೊಟ್ಟಿಲ್ಲ, ಗೋಡೆಯಲ್ಲಿದ್ದ ಪ್ಲಗ್ಗೂ ಬೀರುವಿನ ಹಿಂದೆ ಸೇರಿಹೋಯಿತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಲು 5000 ಕೆಲ್ವಿನ್ನಿನ ಬಿಳಿ ಬೆಳಕು ಬೇಕು, ಮಲಗುವವರಿಗೆ 2700ರ ಹಳದಿ ಬೆಳಕು ಹಿತ. ಎರಡನ್ನೂ ಬೇರೆ ಬೇರೆ ಸ್ವಿಚ್ಚಿಗೆ ಕೊಟ್ಟು, ಹಳದಿಯದರ ಸ್ವಿಚ್ಚನ್ನು ಮಲಗಿದವರ ಕೈಗೆ ಎಟುಕುವಂತೆ ನಾನೇ ಮಾಡಿಸಿಕೊಳ್ಳಬೇಕಾಯಿತು. ಬೀರು ಹಾಕಿಸುವ ಮೊದಲೇ ವೈರಿಂಗ್ ಮುಗಿಸಿಕೊಂಡರೆ ಗೋಡೆ ಎರಡು ಸಲ ಕೊರೆಯುವುದು ತಪ್ಪುತ್ತದೆ.

ಮೆಚ್ಚುಗೆಯ ಒಂದು ಸಂಗತಿಯೆಂದರೆ ಮುಚ್ಚಿದ ಹಾಸಿಗೆಗೆ ಚಿಂದಿಯ ಧೂಳು, ಬಟ್ಟೆಯ ಅಂಚು ಕತ್ತರಿಸಿ ಹೊಲಿಯುವ ಓವರ್‌ಲಾಕ್ ಯಂತ್ರ ಉಗುಳುವ ನೂಲಿನ ಪುಡಿ ಹೆಚ್ಚು ತಾಗುವುದಿಲ್ಲ. ಈ ಕೋಣೆಯಲ್ಲಿ ಹಿಂದೆ ಇದ್ದ ಸೋಫಾ ಮಂಚವನ್ನು ಪ್ರತಿ ಸಲ ಕೊಡವಿಯೇ ಹಾಸಬೇಕಾಗಿತ್ತು. ಆದರೆ ಎದ್ದ ಕೂಡಲೇ ಮಂಚ ಮುಚ್ಚಿದರೆ ರಾತ್ರಿಯ ಬೆವರಿನ ತೇವ ಒಳಗೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ, ಆದ್ದರಿಂದ ಒಂದು ಗಂಟೆ ತೆರೆದಿಟ್ಟು ಆಮೇಲೆ ಮುಚ್ಚುತ್ತೇನೆ.

ತಿಂಗಳಿಗೊಮ್ಮೆಯೋ ಎರಡು ಸಲವೋ ಒಬ್ಬರೇ ಬಂದು ತಂಗುವ, ಉಳಿದ ದಿನಗಳಲ್ಲಿ ಉಡುಪು ಹೊಲಿಯುವ ಮನೆಗೆ ಇದು ಐದಕ್ಕೆ ನಾಲ್ಕು ಅಂಕದ ಸಾಮಾನು. ವಾರಗಟ್ಟಲೆ ಉಳಿಯುವ ನೆಂಟರಿರುವವರು ಇದನ್ನು ಕೊಳ್ಳದಿರುವುದೇ ಲೇಸು: ಮಂಚ ಬಿಚ್ಚಿರುವಷ್ಟು ದಿನ ಕತ್ತರಿಸುವ ಮೇಜು ಅದರ ಅಡಿಯಲ್ಲಿಯೇ ಇರುತ್ತದೆ. ಕಳೆದ ತಿಂಗಳು ಅಕ್ಕ ಹತ್ತು ದಿನ ಉಳಿದಾಗ ನಾನು ಊಟದ ಮೇಜಿನ ಮೇಲೆ ಬಟ್ಟೆ ಕತ್ತರಿಸಿದೆ, ಅದರ ಎತ್ತರವೂ 75 ಸೆಂಟಿಮೀಟರೇ.